ಮಾನಪ್ಪ ಬಡಿಗೇರನ ಕಿವಿ ಮತ್ತು ಮರಕುಟಿಗ

ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಎಲ್ಲರಿಗಿಂತ ಸೂಕ್ಷ್ಮವಾದ ಕಿವಿ ಯಾರದು ಎಂದು ೧೯೯೫ರ ಸುಮಾರಿಗೆ ಯಾವ ರೈತನನ್ನು ಕೇಳಿದ್ದರೂ ಮಾನಪ್ಪ ಬಡಿಗೇರನ ಹೆಸರು ಹೇಳುತ್ತಿದ್ದ. ಆ ಹೊತ್ತಿಗೆ ಮಾನಪ್ಪನಿಗೆ ಕಿವಿ ಕೇಳಿಸುವುದು ನಿಂತು ಹತ್ತು ವರ್ಷವಾಗಿತ್ತು. ಇದು ಅವನ ಹೆಂಡತಿ ಕಾಳವ್ವನಿಗೆ ಗೊತ್ತಿತ್ತು. ನನಗೂ ಗೊತ್ತಾಗಿತ್ತು. ಬೇರೆ ಯಾರಿಗೂ ಗೊತ್ತಾಗಬಾರದು ಎಂಬುದರ ಮೇಲೆ ಆ ಮನೆಯ ಒಲೆ ಉರಿಯುತ್ತಿತ್ತು.

ನಮ್ಮದು ಎರೆ ಭೂಮಿ. ಜೋಳಕ್ಕೆ, ಕಡಲೆಗೆ ಒಳ್ಳೆಯದು, ಮರಕ್ಕೆ ಅಷ್ಟಕ್ಕಷ್ಟೆ. ಹಳ್ಳದ ದಂಡೆಗೆ ಒಂದಿಷ್ಟು ಜಾಲಿ, ಹೊಲದ ಬದುವಿಗೆ ಒಂದೆರಡು ಬೇವು. ಬಂಡಿಯ ಗಾಲಿ, ಕುಂಟೆ, ಕೂರಿಗೆ, ಬಾಗಿಲ ಚೌಕಟ್ಟು ಎಲ್ಲವೂ ಇಷ್ಟರಲ್ಲೇ ಆಗಬೇಕು. ಮರವನ್ನು ನಿಂತಲ್ಲೇ ಮಾರುತ್ತಾರೆ, ನಿಂತಲ್ಲೇ ಕೊಳ್ಳುತ್ತಾರೆ. ಒಳಗೆ ಗಟ್ಟಿಯೋ ಪೊಳ್ಳೋ ಎನ್ನುವುದು ಕಡಿದ ಮೇಲೆ ತಿಳಿಯುವ ಸಂಗತಿ. ಕಡಿದ ಮೇಲೆ ತಿಳಿದು ಫಲವಿಲ್ಲ. ಆದ್ದರಿಂದ ಮಾರುವವನೂ ಕೊಳ್ಳುವವನೂ ಒಪ್ಪಿದ ಒಬ್ಬ ಬಡಿಗೇರನನ್ನು ಕರೆಸಿ ಮರ ಬಡಿಸುವ ರೂಢಿ ಇದೆ. ಅವನು ಮರ ಕೆತ್ತುವ ಬಾಚಿಯ ಹಿಂಬದಿಯಿಂದ ಮೊಳಕಾಲೆತ್ತರ, ಸೊಂಟದೆತ್ತರ, ತಲೆಯೆತ್ತರ ಹೀಗೆ ಮೂರು ಪೆಟ್ಟು ಹಾಕುತ್ತಾನೆ, ಬೊಡ್ಡೆಗೆ ಕಿವಿ ಹಚ್ಚುತ್ತಾನೆ, ಒಂದೇ ಶಬ್ದ ಹೇಳುತ್ತಾನೆ. ಆ ಶಬ್ದಕ್ಕೆ ಎದುರು ಮಾತಾಡುವ ಪದ್ಧತಿಯಿಲ್ಲ.

ಮಾನಪ್ಪನ ತಂದೆ ಈ ಕೆಲಸ ಮಾಡುತ್ತಿದ್ದ. ಮಗನಿಗೆ ಕಲಿಸಿರಲಿಲ್ಲ, ಏಕೆಂದರೆ ಮಗ ಸಿಂದಗಿಯ ಒಂದು ಕಟಗಿ ಅಡ್ಡೆಯಲ್ಲಿ ದುಡಿಯಲು ಹೋಗಿದ್ದ. ಅಲ್ಲಿ ಗರಗಸದ ಯಂತ್ರದ ಪಕ್ಕದಲ್ಲಿ ಒಂಬತ್ತು ವರ್ಷ ನಿಂತ. ಆ ಯಂತ್ರದ ಪಕ್ಕ ನಿಂತವರಲ್ಲಿ ಬೆರಳು ಕಳೆದುಕೊಂಡವರನ್ನು ಜನ ಗುರುತಿಸುತ್ತಿದ್ದರು, ಕಿವಿ ಕಳೆದುಕೊಂಡವರನ್ನು ಗುರುತಿಸುತ್ತಿರಲಿಲ್ಲ. ೧೯೮೫ರಲ್ಲಿ ತಂದೆ ತೀರಿಕೊಂಡಾಗ ಮಾನಪ್ಪ ಬಾಗೇವಾಡಿ ರಸ್ತೆಯ ತನ್ನ ಊರಿಗೆ ಬಂದ. ಹತ್ತು ಬೆರಳೂ ಇದ್ದವು. ಕಿವಿಯಲ್ಲಿ ಮಾತ್ರ ಹಗಲೂ ರಾತ್ರಿ ಜೇನುಹುಳದ ಸದ್ದು, ಅದರಾಚೆಗೆ ಏನೂ ಇಲ್ಲ. ತಿಂಗಳೊಳಗೆ ಯಾರೋ ಬೇವಿನ ಮರ ಬಡಿಯಲು ಕರೆದರು. ಬಡಿಗೇರ ಸತ್ತರೆ ಅವನ ಮಗ ಬಡಿಯಬೇಕು. ಅದರಲ್ಲಿ ವಿಚಾರ ಮಾಡುವುದೇನಿದೆ ಎಂದು ಅವರು ತಿಳಿದಿದ್ದರು.

ಮಾನಪ್ಪ ಹೋದ. ಮೂರು ಪೆಟ್ಟು ಹಾಕಿದ, ಕಿವಿ ಹಚ್ಚಿದ. ಜೇನುಹುಳ. ಏನಾದರೊಂದು ಹೇಳಲೇಬೇಕಲ್ಲ ಎಂದು ಮೇಲೆ ನೋಡಿದಾಗ ಕಣ್ಣಿಗೆ ಹೊಟ್ಟು ಬಿತ್ತು. ಮೇಲಿನ ಟೊಂಗೆಗೆ ಒಂದು ಮರಕುಟಿಗ ಕಚ್ಚಿಕೊಂಡು ನಿಂತು ಕುಟ್ಟುತ್ತಿತ್ತು. ಕಣ್ಣು ಒರೆಸಿಕೊಂಡು ಬೆರಳಿಗೆ ಅಂಟಿದ್ದನ್ನು ನೋಡಿದ. ಕಂದು ಬಣ್ಣ, ಹಿಟ್ಟಿನಂತೆ ನುಣುಪು. ಒಂಬತ್ತು ವರ್ಷ ಮರ ಸೀಳುವುದನ್ನು ನೋಡಿದವನಿಗೆ ಆ ಹಿಟ್ಟು ಎಂಥ ಮರದೊಳಗಿಂದ ಬರುತ್ತದೆ ಎಂದು ಗೊತ್ತಿತ್ತು. 'ಪೊಳ್ಳು' ಎಂದ. ಕೊಳ್ಳುವವನು ಹಠ ಹಿಡಿದು ಕಡಿಸಿದ. ಒಳಗೆ ಕೈ ಹೋಗುವಷ್ಟು ಟೊಳ್ಳು. ತಂದೆಗಿಂತ ಮಗ ಹೆಚ್ಚಿನವನು ಎಂದು ಅಂದೇ ತೀರ್ಮಾನವಾಯಿತು.

ಮರಕುಟಿಗದ ಬಗ್ಗೆ ಜನರಿಗೆ ಇರುವುದು ಬಹುತೇಕ ತಪ್ಪು ತಿಳಿವಳಿಕೆ. ಅದು ಗಟ್ಟಿ ಮರವನ್ನು ಕೊರೆದು ಹಾಳು ಮಾಡುತ್ತದೆ ಎನ್ನುತ್ತಾರೆ. ಅದಕ್ಕೆ ಅಂಥ ಹುಚ್ಚಿಲ್ಲ. ನಮ್ಮ ಜಾಲಿಗಳಲ್ಲಿ ಕಾಣುವುದು ಸಣ್ಣ ಜಾತಿ: ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು, ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ, ಹಳದಿ ಹಣೆ, ಗಂಡಿಗೆ ನೆತ್ತಿಯ ಹಿಂದೆ ಒಂದಿಷ್ಟು ಕೆಂಪು. ಎರಡು ಬೆರಳು ಮುಂದೆ, ಎರಡು ಹಿಂದೆ. ಬಾಲದ ಗರಿ ಕಡ್ಡಿಯಂತೆ ಬಿರುಸು. ಆ ಬಾಲವನ್ನು ಬೊಡ್ಡೆಗೆ ಊರಿ, ಕುಪ್ಪಳಿಸುತ್ತ ಮೇಲೇರುತ್ತದೆ. ಮನುಷ್ಯ ಬಂದರೆ ಹಾರುವುದಕ್ಕಿಂತ ಮೊದಲು ಬೊಡ್ಡೆಯ ಹಿಂಬದಿಗೆ ಸರಿದು ನಿಲ್ಲುತ್ತದೆ. ತೊಗಟೆಯ ಕೆಳಗಿನ ಹುಳು, ಇರುವೆ, ಗೆದ್ದಲು ಅದರ ಊಟ. ಮಾಘ, ಫಾಲ್ಗುಣದಲ್ಲಿ ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಗೂಡು ಕೊರೆಯುತ್ತವೆ. ಅದಕ್ಕಾಗಿ ಆರಿಸುವುದು ಒಣಗಿದ ಟೊಂಗೆಯನ್ನು, ಅಥವಾ ಹೊರಗೆ ಹಸಿರಾಗಿ ಕಂಡರೂ ಒಳಗೆ ಕೊಳೆ ಹಿಡಿದ ಮರವನ್ನು. ಮುಂದಿನ ವರ್ಷ ಆ ಗೂಡನ್ನು ಬಿಟ್ಟು ಹೊಸದು ಕೊರೆಯುತ್ತವೆ; ಹಳೆಯದಕ್ಕೆ ಬೇರೆ ಹಕ್ಕಿಗಳು ಬಂದು ಸೇರುತ್ತವೆ, ಕೊರೆದವರಿಗೆ ಕೃತಜ್ಞತೆ ತೋರಿಸುವುದಿಲ್ಲ.

ಮರದ ರೋಗವನ್ನು ಹಕ್ಕಿ ತರುವುದಿಲ್ಲ. ಇರುವ ರೋಗವನ್ನು ತೋರಿಸುತ್ತದೆ. ಇದನ್ನು ನಾನು ಪ್ರಾಣಿಶಾಸ್ತ್ರದ ಪುಸ್ತಕದಿಂದ ಕಲಿತೆ, ಮಾನಪ್ಪ ಕಣ್ಣಿಗೆ ಬಿದ್ದ ಹೊಟ್ಟಿನಿಂದ ಕಲಿತ. ಅವನು ನನಗಿಂತ ಮುಂದೆ ಹೋಗಿದ್ದ. ಮರದ ಬುಡದಲ್ಲಿ ಬಿದ್ದ ಚೂರು ಬಿಳಿಯಾಗಿದ್ದರೆ ಟೊಂಗೆ ಮಾತ್ರ ಸತ್ತಿದೆ, ಬೊಡ್ಡೆ ಉಪಯೋಗಕ್ಕೆ ಬರುತ್ತದೆ. ಕಂದು ಹಿಟ್ಟಾದರೆ ಕೊಳೆ ತಿರುಳಿಗೆ ಇಳಿದಿದೆ. ಹೊಟ್ಟಿನಲ್ಲಿ ಮಣ್ಣು ಬೆರೆತಿದ್ದರೆ ಗೆದ್ದಲು ಬೇರಿನಿಂದ ಏರಿದೆ. ತೊಗಟೆ ಎಬ್ಬಿಸಿ ಮುಂದೆ ಹೋಗಿದ್ದರೆ ಹುಳು ತೊಗಟೆಯಲ್ಲೇ ಇದೆ, ಮರಕ್ಕೆ ಭಯವಿಲ್ಲ. ಇವನ್ನೆಲ್ಲ ಅವನು ಪೆಟ್ಟು ಹಾಕಲು ಜಾಗ ಹುಡುಕುವವನಂತೆ ಮರ ಸುತ್ತುವಾಗ ನೋಡಿಬಿಡುತ್ತಿದ್ದ. ಬಾಚಿ ಎತ್ತುವ ಹೊತ್ತಿಗೆ ತೀರ್ಪು ಮುಗಿದಿರುತ್ತಿತ್ತು.

ಮನುಷ್ಯರನ್ನು ಓದುವುದು ಮರ ಓದಿದಷ್ಟು ಸುಲಭವಾಗಲಿಲ್ಲ. ತುಟಿ ನೋಡಿ ಮಾತು ತಿಳಿಯುವುದನ್ನು ಅವನು ಅಡ್ಡೆಯಲ್ಲಿದ್ದಾಗಲೇ ಕಲಿತಿದ್ದ, ಆದರೆ ನಮ್ಮ ಕಡೆಯ ಗಂಡಸರಿಗೆ ಮೀಸೆ ದಟ್ಟ, ಬಾಯಲ್ಲಿ ತಂಬಾಕು. ಊರಿನ ಹಿರಿಯ ಗುರಪ್ಪ ಪ್ರತಿ ವ್ಯವಹಾರದಲ್ಲೂ ನಡುವೆ ಕೂಡುವವನು, ಬಾಯಲ್ಲಿ ಸದಾ ತಂಬಾಕಿನ ಉಂಡೆ. ಹನ್ನೆರಡು ವರ್ಷದಲ್ಲಿ ಗುರಪ್ಪ ಆಡಿದ ಒಂದು ಮಾತೂ ಮಾನಪ್ಪನಿಗೆ ತಿಳಿದಿರಲಿಲ್ಲ. ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಇಷ್ಟು ವಿಧೇಯ ಮನುಷ್ಯ ಊರಲ್ಲಿ ಇನ್ನೊಬ್ಬನಿಲ್ಲ ಎಂದು ಗುರಪ್ಪ ಹೇಳುತ್ತಿದ್ದ. ಹೆಂಗಸರ ಮುಖದಲ್ಲಿ ಮೀಸೆಯಿಲ್ಲದ್ದರಿಂದ ಮಾನಪ್ಪ ಅವರೊಡನೆ ಸರಾಗವಾಗಿ ಮಾತಾಡುತ್ತಿದ್ದ. ಅದರಿಂದ ಬೇರೆ ರೀತಿಯ ಹೆಸರೂ ಸ್ವಲ್ಪ ಬಂದಿತ್ತು. ಹಿಂದಿನಿಂದ ಯಾರಾದರೂ ಕರೆದರೆ ಕಾಳವ್ವ ಧೋತರದ ಚುಂಗು ಜಗ್ಗುತ್ತಿದ್ದಳು. ಗಂಡನ ಹಿಂದೆ ಹೀಗೆ ನೆರಳಿನಂತೆ ನಡೆಯುವ ಹೆಂಡತಿಯನ್ನು ಊರಿನವರು ಸೊಸೆಯರಿಗೆ ತೋರಿಸಿ ಹೊಗಳುತ್ತಿದ್ದರು.

ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮುದ್ದೇಬಿಹಾಳದ ಕಾಲೇಜಿನ ಬೆಂಚುಗಳನ್ನು ದುರಸ್ತಿ ಮಾಡಲು ಅವನು ೧೯೯೩ರಲ್ಲಿ ಬಂದ. ಗಂಟೆ ಹೊಡೆಯುವ ಕಬ್ಬಿಣದ ಹಳಿಯ ಕೆಳಗೇ ಕೂತು ಕೆಲಸ ಮಾಡುತ್ತಿದ್ದ, ಗಂಟೆ ಹೊಡೆದರೆ ಹುಬ್ಬು ಸಹ ಅಲುಗಿಸುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇ ಎಂದು ಎದುರಿಗೆ ನಿಂತು ಕೇಳಿದೆ. ಬಹಳ ಹೊತ್ತು ಬಾಚಿ ಮಸೆದು, ಇಲ್ಲ ಎಂದ. ಮರ ಹೇಗೆ ಬಡಿಯುತ್ತೀ ಎಂದೆ. ಆಗ ಹೇಳಿದ ಮೇಲಿನ ಸಂಗತಿಗಳನ್ನೆಲ್ಲ. ತನ್ನ ಅನ್ನಕ್ಕೆ ಕಲ್ಲು ಹಾಕಬೇಡಿರಿ ಎಂದು ಬೇಡಿಕೊಳ್ಳಲಿಲ್ಲ; ಬೆಂಚು ಸರಿಮಾಡಿ ಹೋದ. ನಾನು ಯಾರಿಗೂ ಹೇಳಲಿಲ್ಲ. ಅವನ ತೀರ್ಪುಗಳು ಸರಿ ಇದ್ದವು. ಕಾರಣ ಬೇರೆಯದಾಗಿದ್ದರೆ ನಷ್ಟ ಯಾರಿಗೆ?

೧೯೯೭ರ ಫಾಲ್ಗುಣದಲ್ಲಿ ಸಾವಿತ್ರೀಬಾಯಿಯವರ ಜಾಲಿಯ ವ್ಯವಹಾರ ಬಂತು. ಸಾವಿತ್ರೀಬಾಯಿ ಮುದ್ದೇಬಿಹಾಳದಲ್ಲಿ ಇರುವವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡರಲ್ಲೂ ಯಾರಿಗೂ ಸೋತವರಲ್ಲ. ಹಳ್ಳದ ದಂಡೆಗೆ ಅವರ ಹೊಲದಲ್ಲಿ ಐದು ಹಳೆಯ ಜಾಲಿಗಳಿದ್ದವು. ನೆರಳಿಗೆ ಜೋಳ ಬೆಳೆಯುವುದಿಲ್ಲ ಎಂದು ಹೊಲ ಪಾಲಿಗೆ ಮಾಡುವವನು ವರ್ಷ ವರ್ಷ ದೂರುತ್ತಿದ್ದ. ಐದನೆಯದರ ತಲೆ ಒಣಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಉಳಿದ ನಾಲ್ಕನ್ನು ಕೊಳ್ಳಲು ಸಿಂದಗಿಯಿಂದ ಸೋಮನಿಂಗ ಬಂದ. ಮಾನಪ್ಪ ದುಡಿದಿದ್ದ ಅಡ್ಡೆಯ ಮಾಲಕನ ಮಗ. ತಂದೆಯ ಯಂತ್ರವೂ ತಂದೆಯ ಮೀಸೆಯೂ ಅವನಿಗೆ ಬಂದಿದ್ದವು. ಆ ಯಂತ್ರದ ಹತ್ತಿರ ನಿಂತವರ ಕಿವಿ ಏನಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾನಪ್ಪ ಬಾಚಿ ಎತ್ತುವ ಮೊದಲು ಮೇಲೆ ನೋಡುತ್ತಾನೆ ಎಂಬುದನ್ನೂ ಒಂದೆರಡು ವ್ಯವಹಾರಗಳಲ್ಲಿ ಗಮನಿಸಿದ್ದ. ಎರಡನ್ನೂ ಕೂಡಿಸುವಷ್ಟು ಬುದ್ಧಿ ಅವನಿಗಿತ್ತು.

ಬಡಿಯುವ ದಿನ ಬೆಳಿಗ್ಗೆ ಎಲ್ಲರೂ ಹಳ್ಳದ ದಂಡೆಗೆ ಸೇರಿದರು. ಗುರಪ್ಪ ಕಲ್ಲಿನ ಮೇಲೆ ಕೂತ. ಸಾವಿತ್ರೀಬಾಯಿ ಕೊಡೆ ಹಿಡಿದು ನಿಂತರು. ನಾನು ಆ ಹೊಲದ ಹಕ್ಕಿಗಳನ್ನು ನೋಡುವ ನೆಪದಲ್ಲಿ ಅವರ ಸಂಗಡ ಹೋಗಿದ್ದೆ.

"ಮಾನಪ್ಪಾ, ಲಗೂನ ನೋಡು. ಬಿಸಿಲು ಏರ್ಲಿಕ್ಕತ್ತದ," ಎಂದರು ಸಾವಿತ್ರೀಬಾಯಿ, ಅವನ ಎದುರಿಗೆ ನಿಂತು, ಅವರಿಗೆ ಎಲ್ಲರ ಎದುರಿಗೂ ನಿಂತು ಮಾತಾಡುವ ಅಭ್ಯಾಸ.

ಮಾನಪ್ಪ ಮೊದಲ ಜಾಲಿ ಸುತ್ತಿದ. ನಾಲ್ಕರಲ್ಲಿ ಅದೇ ದೊಡ್ಡದು. ಮೇಲೆ ನೋಡಿದ, ನಿಂತ, ಇನ್ನೊಮ್ಮೆ ನೋಡಿದ. ಓರೆಯಾಗಿ ಬೆಳೆದ ಟೊಂಗೆಯ ಮೇಲೆ ಮೂರು ತೂತುಗಳಿದ್ದವು, ಉಳಿದ ಮೂರು ಮರಗಳ ಮೇಲೆ ಎರಡೆರಡು. ಗುಂಡಗೆ, ಹೊಸದಾಗಿ, ಬಿಳಿ ಮೈ ಕಾಣುವಂತೆ. ಹೋದ ತಿಂಗಳು ಆ ದಾರಿಯಾಗಿ ಹೋದಾಗ ಅವನು ಕಾಣದ ತೂತುಗಳು. ನಾನೂ ನೋಡಿದೆ, ಮರಕುಟಿಗ ಕೊರೆದ ಗೂಡುಗಳೆಂದೇ ತಿಳಿದೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ್ದಕ್ಕೆ ಇಷ್ಟು ಫಲ.

ಮಾನಪ್ಪ ಮೂರು ಪೆಟ್ಟು ಹಾಕಿ ಕಿವಿ ಹಚ್ಚಿದ. ಆಗ ಸೋಮನಿಂಗ ಅವನ ಬೆನ್ನ ಹಿಂದೆ ಹೋಗಿ, ಮರ ಎಳೆಯಲು ತಂದಿದ್ದ ಕಬ್ಬಿಣದ ಸರಪಳಿಯನ್ನು ಎದೆಯೆತ್ತರದಿಂದ ಬಂಡೆಗಲ್ಲಿನ ಮೇಲೆ ಬಿಟ್ಟ. ಗುರಪ್ಪ ಕೂತಲ್ಲೇ ಜಿಗಿದ. ಹಳ್ಳದಾಚೆಯ ಕಾಗೆಗಳು ಎದ್ದವು. ಸಾವಿತ್ರೀಬಾಯಿ, ಮನುಷ್ಯರಿಗೆ ವಸ್ತುಗಳನ್ನು ಕೆಳಗೆ ಇಡುವುದನ್ನು ಯಾರಾದರೂ ಕಲಿಸಬೇಕು ಎಂದು ಮರಾಠಿಯಲ್ಲಿ ಅಂದರು. ಮಾನಪ್ಪ ಕಣ್ಣು ಪಿಳುಕಿಸಲಿಲ್ಲ. ಆ ದಿನ ಕಾಳವ್ವ ಅಕ್ಕನ ಮಗಳನ್ನು ಜಾತ್ರೆಯಿಂದ ಕರೆತರಲು ತವರಿಗೆ ಹೋಗಿದ್ದಳು, ಧೋತರ ಜಗ್ಗುವವರು ಇರಲಿಲ್ಲ.

ಸೋಮನಿಂಗ ಮರದ ಆಚೆ ಬದಿಗೆ ಬಂದು ಅವನ ಮುಖದ ಎದುರು ನಿಂತ. ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆ ಎತ್ತಿ ಹಿಡಿದು, ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ ಮಾತಾಡಿದ. ಧ್ವನಿ ಹೊರಡಿಸುವ ತೊಂದರೆ ತೆಗೆದುಕೊಳ್ಳಲಿಲ್ಲ, ಬೇಕಾಗಿರಲಿಲ್ಲ. ಮಾನಪ್ಪ ಆಮೇಲೆ ನನಗೆ ಹೇಳಿದ್ದು ಇದು: "ಪೊಳ್ಳು ಅನ್ನು. ಇಲ್ಲಂದ್ರ ನೀ ಕಿವುಡ ಅಂತ ಇವರ ಮುಂದ ಇಲ್ಲೇ ಹೇಳ್ತೇನಿ."

ದೂರದಿಂದ ನೋಡಿದವರಿಗೆ ಸೋಮನಿಂಗ ಮೀಸೆ ತೀಡಿಕೊಂಡಂತೆ ಕಂಡಿತು.

ಮಾನಪ್ಪ ಬಾಚಿಯನ್ನು ಹೆಗಲಿಗೆ ಹಾಕಿಕೊಂಡ. ಇವತ್ತು ಹೇಳುವುದಿಲ್ಲ, ನಾಳೆ ಇದೇ ಹೊತ್ತಿಗೆ ಹೇಳುತ್ತೇನೆ ಎಂದ. ಹನ್ನೆರಡು ವರ್ಷದಲ್ಲಿ ಅವನು ತೀರ್ಪನ್ನು ಮುಂದಕ್ಕೆ ಹಾಕಿದ್ದು ಅದೇ ಮೊದಲು. ಮರದೊಳಗೆ ಬಹಳ ಗಂಭೀರವಾದದ್ದು ಏನೋ ಕೇಳಿಸಿರಬೇಕು ಎಂದು ಗುರಪ್ಪ ಅಂದಾಜು ಮಾಡಿದ.

ಕಷ್ಟ ಸರಳವಾಗಿತ್ತು. ತೂತುಗಳು ಸುಳ್ಳು ಎಂಬುದು ಮಾನಪ್ಪನಿಗೆ ನೋಡಿದ ಕ್ಷಣದಲ್ಲೇ ಗೊತ್ತಾಗಿತ್ತು. ಗಟ್ಟಿ ಎಂದರೆ ಸೋಮನಿಂಗ ಕಿವುಡನೆಂದು ಸಾರುತ್ತಾನೆ, ನಾಳೆಯಿಂದ ಯಾರೂ ಕರೆಯುವುದಿಲ್ಲ. ಪೊಳ್ಳು ಎಂದರೆ ನಾಲ್ಕು ಗಟ್ಟಿ ಮರ ಸೌದೆಯ ಬೆಲೆಗೆ ಸಿಂದಗಿಗೆ ಹೋಗುತ್ತವೆ, ಹೆಸರು ಉಳಿಯುತ್ತದೆ. ತೂತು ಸುಳ್ಳು ಎಂದು ಹೇಳಬೇಕಾದರೆ, ತಾನು ತೂತು ನೋಡಿ ತೀರ್ಪು ಕೊಡುತ್ತೇನೆ, ಕೇಳಿ ಅಲ್ಲ ಎಂದು ಒಪ್ಪಿಕೊಳ್ಳಬೇಕು.

ಸಂಜೆ ಕಾಳವ್ವ ಬಂದಳು. ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. ಅವಳು ಗಂಡನೊಡನೆ ಮಾತಾಡುವಾಗ ಒಲೆಯ ಬೆಳಕು ಮುಖಕ್ಕೆ ಬೀಳುವಂತೆ ತಿರುಗಿ ಕೂಡುತ್ತಿದ್ದಳು. ಅವನ ಪ್ರಶ್ನೆ ಒಂದೇ: ಹೇಳಿದರೆ ನಾಳೆ ಉಣ್ಣುವುದೇನು?

"ಪೊಳ್ಳು ಅಂದ್ರ ನಾಳೆ ಉಣ್ತೀರಿ," ಎಂದಳು. "ಬರೂ ವರ್ಷ ಅಂವ ಮತ್ತ ಮೀಸಿ ಎತ್ತತಾನ. ಅದರ ಮುಂದಿನ ವರ್ಷ ಮತ್ತ ಎತ್ತತಾನ. ನನಗೂ ಧೋತರ ಜಗ್ಗಿ ಜಗ್ಗಿ ಕೈ ಸೋತಾವು. ಹೇಳಿಬಿಡ್ರಿ."

ಹೇಳುವುದು ಸಜ್ಜನಿಕೆ ಎಂದು ಅವಳು ವಾದಿಸಲಿಲ್ಲ. ಕೈ ಸೋತದ್ದೇ ಅವಳ ಕಾರಣ. ನನಗೆ ಅದು ಸಾಕಷ್ಟು ಒಳ್ಳೆಯ ಕಾರಣವಾಗಿ ಕಾಣುತ್ತದೆ.

ಮರುದಿನ ಜನ ಹೆಚ್ಚಿದ್ದರು. ತೀರ್ಪು ತಡವಾದ ಸುದ್ದಿ ಹರಡಿತ್ತು. ಮಾನಪ್ಪ ಬಾಚಿ ತಂದಿರಲಿಲ್ಲ. ಎಲ್ಲರ ನಡುವೆ ನಿಂತು, ತನ್ನ ಧ್ವನಿ ಎಷ್ಟು ದೊಡ್ಡದಿದೆ ಎಂದು ತಿಳಿಯದೆ, ಹಳ್ಳದಾಚೆಗೂ ಕೇಳುವಂತೆ ಹೇಳಿದ:

"ನನಗ ಕಿವಿ ಕೇಳೂದಿಲ್ರಿ. ಹನ್ನೆರಡು ವರ್ಷ ಆತು. ಬಡಿಯೂದು ನಿಮ್ಮ ಸಲುವಾಗಿ ಬಡೀತೇನಿ. ನಾ ನೋಡೂದು ಮರಕುಟಗ ಎಲ್ಲಿ ಕುಟ್ಟೇತಿ, ಏನು ಉದುರಿಸೇತಿ ಅಂತ."

ಅವನು ಟೊಂಗೆಯತ್ತ ಕೈ ತೋರಿಸಿದ.

"ಈ ತೂತ ಹಕ್ಕಿ ಕೊರದದ್ದಲ್ರಿ. ಹಕ್ಕಿ ಟೊಂಗಿ ಕೆಳಗ ಜೋತುಬಿದ್ದು ಕೊರೀತೈತಿ, ಮಳಿನೀರು ಗೂಡಿಗೆ ಹೋಗಬಾರದಂತ. ಇದನ್ನ ಕೊರದಾಂವ ಟೊಂಗಿ ಮ್ಯಾಲ ಕುಂತಾನ. ಕುಂಡಿ ಇದ್ದಾಂವ."

ನಗು ಎದ್ದಿತು. ಸಾವಿತ್ರೀಬಾಯಿ ನಗಲಿಲ್ಲ, ಪಾಲಿನವನನ್ನು ಮರ ಹತ್ತಿಸಿದರು. ಅವನು ತೂತಿನಲ್ಲಿ ಬೆರಳಿಟ್ಟು ಬದುಕಿದ ಟೊಂಗೆಯಿಂದ ಮಾತ್ರ ಒಸರುವ ಹಸಿ ಅಂಟು ತೆಗೆದು ತೋರಿಸಿದ. ಒಳಗೆ ಬೈರಿಗೆ ತಿರುಗಿದ ಗೆರೆಗಳಿವೆ, ಬೆರಳಿನಾಳಕ್ಕೆ ನಿಂತುಬಿಟ್ಟಿದೆ, ಗೂಡಿನ ಹೊಟ್ಟೆಯೇ ಇಲ್ಲ ಎಂದು ಕೂಗಿ ಹೇಳಿದ. ನಾನು ಕಾಣದ್ದನ್ನು ಅವನ ಬೆರಳು ಕಂಡಿತ್ತು. ಕೊರೆದವನು ತನಗೆ ಕೂಡಲು ಅನುಕೂಲವಾದ ಬದಿಯನ್ನು ಆರಿಸಿದ್ದ. ಮರಕುಟಿಗಕ್ಕೆ ಕೂಡುವ ಚಟವಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಈಗ ನ್ಯಾಯ ಹೇಳಬೇಕಾದವನು ಗುರಪ್ಪ. ಅವನು ಎದ್ದು ನಿಂತು ತಂಬಾಕನ್ನು ಉಗುಳಿದ. ಬಾಯಿ ಒರೆಸಿಕೊಂಡು ಮಾನಪ್ಪನ ಎದುರಿಗೆ ಬಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಮಾನಪ್ಪನಿಗೆ ಗುರಪ್ಪನ ಮಾತು ಪೂರ್ತಿ ತಿಳಿಯಿತು.

"ಹುಚ್ಚಪ್ಪಾ, ಇದನ್ಯಾಕ ಮುಚ್ಚಿಟ್ಟಿದ್ದಿ? ಮಂದಿ ಮಾತು ಒಂದೂ ಕಿವ್ಯಾಗ ಹೋಗೂದಿಲ್ಲಂದ ಮ್ಯಾಲ ಕಿವಿ ಎಲ್ಲಾ ಮರಕ್ಕ ಮೀಸಲು ಉಳೀತು ನೋಡು. ಅದಕ್ಕ ನಿನ್ನ ತೀರ್ಪು ಎಂದೂ ತಪ್ಪಿಲ್ಲ."

ಜನ ಹೌದು ಹೌದು ಎಂದರು. ಮಾನಪ್ಪ ಹಾಗಲ್ಲ ಎಂದ. ಹಕ್ಕಿಯ ಮಾತನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದ. ಅವರು ಗೌರವದಿಂದ ಕೇಳಿದರು. ದೊಡ್ಡವರು ತಮ್ಮ ದೊಡ್ಡತನವನ್ನು ಹೀಗೇ ಯಾವುದೋ ಹಕ್ಕಿಯ ಮೇಲೆ ಹಾಕುತ್ತಾರೆ ಎಂದು ಒಬ್ಬ ಇನ್ನೊಬ್ಬನಿಗೆ ವಿವರಿಸಿದ. ಬೈರಿಗೆಯ ತೂತು ಸಿಕ್ಕಿಬಿದ್ದದ್ದು ಹೇಗೆ ಎಂಬುದಕ್ಕೂ ಅವರಿಗೆ ಕಾರಣ ಸಿಕ್ಕಿತು: ಮರವೇ ನಿನ್ನೆ ಇವನಿಗೆ ದೂರು ಹೇಳಿದೆ, ಅದಕ್ಕೇ ಒಂದು ದಿನ ತಡಮಾಡಿದ.

ಸೋಮನಿಂಗನ ಸ್ಥಿತಿ ಮಾನಪ್ಪನಿಗಿಂತ ಕೆಟ್ಟದಾಗಿತ್ತು. ಇವನು ಕಿವುಡ, ಇವನ ತೀರ್ಪು ನಡೆಯದು ಎಂದು ಅವನು ಈಗಲೂ ವಾದಿಸಬಹುದಿತ್ತು. ಆದರೆ ಹಾಗೆ ವಾದಿಸಿದರೆ, ಸಿಂದಗಿಯ ಕಟಗಿ ವ್ಯಾಪಾರಿಯನ್ನು ಒಬ್ಬ ಸಾಮಾನ್ಯ ಕಿವುಡ ಬರಿಗಣ್ಣಿನಿಂದ ಹಿಡಿದ ಎಂದು ಒಪ್ಪಿದಂತೆ. ದೈವದ ಕೈಯಲ್ಲಿ ಸಿಕ್ಕಿಬೀಳುವುದರಲ್ಲಿ ಅಷ್ಟು ಅವಮಾನವಿಲ್ಲ. ಅವನು ಮಾನಪ್ಪನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿ, ನಾಲ್ಕೂ ಮರಗಳನ್ನು ಗಟ್ಟಿ ಮರದ ಬೆಲೆಗೆ ಕೊಂಡ. ಸಾವಿತ್ರೀಬಾಯಿ ಅದರ ಮೇಲೆ ಇನ್ನಷ್ಟು ಏರಿಸಿದರು, ತೂತು ಕೊರೆದ ಟೊಂಗೆಗಳು ಹಾಳಾದದ್ದಕ್ಕೆ. ನಿಜ ಗೊತ್ತಿದ್ದ ಏಕೈಕ ಎದುರಾಳಿ ಆಮೇಲೆ ಇಂಡಿಯಿಂದ ಚಡಚಣದವರೆಗೆ ಮಾನಪ್ಪನ ಪವಾಡವನ್ನು ಹೇಳಿಕೊಂಡು ತಿರುಗಿದ. ಅವನಷ್ಟು ಚೆನ್ನಾಗಿ ಅದನ್ನು ಬೇರೆ ಯಾರೂ ಹೇಳುತ್ತಿರಲಿಲ್ಲವಂತೆ.

ಮರಗಳನ್ನು ಕಡಿದರು, ನಾಲ್ಕೂ ಗಟ್ಟಿ. ತಲೆ ಒಣಗಿದ ಐದನೆಯದು ಉಳಿಯಿತು. ನಿಜವಾದ ಮರಕುಟಿಗಗಳು ಆ ವರ್ಷ ಅದರಲ್ಲೇ ಗೂಡು ಮಾಡಿದ್ದವು, ಟೊಂಗೆಯ ಕೆಳಬದಿಗೆ. ನಮ್ಮ ಕಡೆ ಮರ ಉಳಿಯಬೇಕಾದರೆ ಅದು ಒಳಗಿನಿಂದ ಕೊಳೆತಿರಬೇಕು, ಮತ್ತು ಅದನ್ನು ಯಾರಾದರೂ ನಂಬುವಂತೆ ಹೇಳಬೇಕು. ಮಾನಪ್ಪ ತನ್ನ ಜೀವನದಲ್ಲಿ ಪೊಳ್ಳು ಎಂದ ಮರಗಳೆಷ್ಟೋ, ಹಕ್ಕಿಗೆ ಅಷ್ಟು ಮನೆ ಸಿಕ್ಕವು. ಅವನು ಪುಣ್ಯಕ್ಕಾಗಿ ಮಾಡಿದ್ದಲ್ಲ. ಹಕ್ಕಿಯೂ ಅವನಿಗಾಗಿ ಕುಟ್ಟಿದ್ದಲ್ಲ.

ಗುಟ್ಟು ರಟ್ಟಾದರೆ ಅನ್ನ ಹೋಗುತ್ತದೆ ಎಂದು ಹೆದರಿದ್ದವನಿಗೆ ಕರೆಗಳು ಮೂರು ಪಟ್ಟಾದವು. ಬಾಗೇವಾಡಿಯಿಂದ, ಇಂಡಿಯಿಂದ, ಗಡಿಯಾಚೆಯಿಂದ ಜೀಪು ತಂದು ಕರೆದೊಯ್ದರು. ಕಾಳವ್ವ ಧೋತರ ಜಗ್ಗುವುದನ್ನು ಬಿಟ್ಟಳು. ಯಾರಾದರೂ ಕರೆದರೆ ಮುಂದೆ ಬಂದು ನಿಲ್ಲಿರಿ ಎಂದು ಅವರಿಗೇ ಹೇಳುತ್ತಿದ್ದಳು. ಮಾನಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ತಾನು ಸತ್ತರೆ ಈ ವಿದ್ಯೆ ಹೋಗುತ್ತದೆ ಎಂದು, ಹೋದ ಕಡೆಯಲ್ಲೆಲ್ಲ ಹೊಟ್ಟಿನ ಬಣ್ಣ, ತೂತಿನ ದಿಕ್ಕು ಕಲಿಸಲು ನೋಡಿದ. ಕೆಳಗೆ ಬಿದ್ದ ಚೂರನ್ನು ಎತ್ತಿ ತೋರಿಸಿದರೆ ಜನ ಚೂರನ್ನು ನೋಡುತ್ತಿರಲಿಲ್ಲ, ಅವನ ಕಿವಿಯನ್ನು ನೋಡುತ್ತಿದ್ದರು. ಬಡಿಯದೆ ಬರೀ ನೋಡಿ ಹೇಳಿದರೆ ಒಪ್ಪುತ್ತಿರಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು ಬರೆಸಿದ. ಆ ನೋಟುಪುಸ್ತಕ ನನ್ನಲ್ಲಿದೆ. ಅದನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ.

೨೦೦೩ರಲ್ಲಿ ಮುದ್ದೇಬಿಹಾಳದಲ್ಲಿ ಕಿವಿ ತಪಾಸಣೆಯ ಉಚಿತ ಶಿಬಿರ ನಡೆಯಿತು. ಸಾವಿತ್ರೀಬಾಯಿ ಮಾನಪ್ಪನನ್ನು ಹಿಡಿದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದರು. ಡಾಕ್ಟರರು ಎಡಗಿವಿಗೆ ಒಂದು ಯಂತ್ರ ಕೊಟ್ಟರು. ಹದಿನೆಂಟು ವರ್ಷದ ನಂತರ ಅವನು ಮೊದಲು ಕೇಳಿದ್ದು ತಾನು ರೊಟ್ಟಿ ಅಗಿಯುವ ಸದ್ದು. ಹಳ್ಳದ ದಂಡೆಗೆ ಹೋಗಿ ಐದನೆಯ ಜಾಲಿಯ ಕೆಳಗೆ ಕೂತು ಮರಕುಟಿಗ ಕೂಗುವುದನ್ನು ಕೇಳಿದ. ಇಷ್ಟೇ ಏನು ಎಂದು ಬೇಸರವಾಯಿತಂತೆ. ಒಂದು ಗಟ್ಟಿ ಮರ, ಒಂದು ಪೊಳ್ಳು ಮರ ಹುಡುಕಿ ಎರಡನ್ನೂ ಬಡಿದು ನೋಡಿದ. ಅವನ ಪಾಲಿಗೆ ಎರಡೂ ಒಂದೇ ಸಪ್ಪಳ. ಕೇಳುವುದನ್ನು ಅವನು ಎಂದೂ ಕಲಿತಿರಲೇ ಇಲ್ಲ.

ಕಾಳವ್ವ ನನ್ನಲ್ಲಿಗೆ ದೂರು ತಂದಳು. "ಅಕ್ಕೋರ, ಹದಿನೆಂಟು ವರ್ಷ ಬೆನ್ನ ಹಿಂದ ಬೇಕಾದ್ದು ಬೈಕೋತ ಬಂದೇನ್ರಿ. ಈಗ ಎಲ್ಲಾದಕ್ಕೂ ಉತ್ತರಾ ಕೊಡಾಕತ್ತಾರ."

ಆದರೂ ಯಂತ್ರ ಮನೆಯಲ್ಲಿ ಉಪಯೋಗಕ್ಕೆ ಬಿತ್ತು. ತೊಂದರೆಯಾದದ್ದು ಹೊರಗೆ. ಇಂಡಿಯ ಕಡೆಯ ಒಂದು ಬೇವಿನ ವ್ಯವಹಾರಕ್ಕೆ ಅವನು ಅದನ್ನು ಹಾಕಿಕೊಂಡು ಹೋದ. ಮಾರುವವನೂ ಕೊಳ್ಳುವವನೂ, ಅದುವರೆಗೆ ಯಾವ ಮಾತಿನಲ್ಲೂ ಒಂದಾಗದಿದ್ದವರು, ಈ ಒಂದರಲ್ಲಿ ಒಂದಾದರು: ಮಂದಿಯ ಮಾತು ಕಿವಿಯಲ್ಲಿ ಹೋದರೆ ಮರದ ಮಾತಿಗೆ ಜಾಗವೆಲ್ಲಿ? ಯಂತ್ರ ತೆಗೆಯದೆ ಬಡಿಯಬಾರದು ಎಂದರು. ಅವನು ತೆಗೆದ. ಸುದ್ದಿ ಊರಿಗೆ ಬಂದಾಗ ಗುರಪ್ಪ ಅದನ್ನು ನಿಯಮ ಮಾಡಿದ. ಈಗ ಮರ ಬಡಿಯುವ ಮೊದಲು ಯಾರಾದರೂ ಹಿರಿಯರು ಮಾನಪ್ಪನ ಎರಡೂ ಕಿವಿಗಳಲ್ಲಿ ಇಣುಕಿ ನೋಡುತ್ತಾರೆ. ಯಂತ್ರವನ್ನು ವಸ್ತ್ರದಲ್ಲಿ ಕಟ್ಟಿ ಮಾರುವವನ ಕಡೆಯವರಲ್ಲೊಬ್ಬ, ಕೊಳ್ಳುವವನ ಕಡೆಯವರಲ್ಲೊಬ್ಬ ಇಬ್ಬರೂ ಹಿಡಿದುಕೊಂಡು ನಿಲ್ಲುತ್ತಾರೆ. ಮೂರು ಪೆಟ್ಟು ಸಾಲದೆ ಏಳಾಗಿವೆ. ಕಿವಿ ಹಚ್ಚಿದಾಗ ಕಣ್ಣು ಮುಚ್ಚಬೇಕೆಂದು ಬಾಗೇವಾಡಿಯ ಕಡೆಯವರು ಬಯಸಿದ್ದರಿಂದ ಅವನು ಅದನ್ನೂ ರೂಢಿ ಮಾಡಿಕೊಂಡಿದ್ದಾನೆ.

ಹೋದ ತಿಂಗಳು ಬಂದಿದ್ದಾಗ, ಕಣ್ಣು ಮುಚ್ಚಿದರೆ ನಿನ್ನ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಯಂತ್ರ ಹಾಕಿಕೊಂಡಿದ್ದ, ಆದ್ದರಿಂದ ಎದುರಿಗೆ ನಿಲ್ಲಬೇಕಾಗಿರಲಿಲ್ಲ.

"ಮುಚ್ಚೂಕಿಂತ ಮೊದಲ ನೋಡಿರ್ತೇನ್ರಿ, ಅಕ್ಕೋರ," ಎಂದ.